ಸರಕು ಖರೀದಿಯ ಆಚೆಗೂ ಒಂದು ಬೆಂಗಳೂರಿದೆ

ಯಡಿಯೂರು, ಕುಣಿಗಲ್, ಗುಬ್ಬಿ ಭಾಗಗಳ ವರ್ತಕ ಬಾಂಧವರಿಗೆ ಬೆಂಗಳೂರು ಹೊಸ ಊರೇನೂ ಅಲ್ಲ. ವ್ಯಾಪಾರ ಆರಂಭಿಸಿದ ದಿನದಿಂದ ಹೋಗಿ ಬರುತ್ತಿರುವವರೇ ನಮ್ಮಲ್ಲಿ ಹೆಚ್ಚು. ಆದರೆ ಹಾಗೆ ಹೋದವರು ಕಂಡಿರುವ ಬೆಂಗಳೂರು ಎಷ್ಟು? ಬಸ್ ನಿಲ್ದಾಣ, ಸಗಟು ಮಳಿಗೆ, ಲಾರಿ ಕಚೇರಿ, ಮರಳಿ ಬಸ್ ನಿಲ್ದಾಣ. ಮಧ್ಯೆ ಒಂದು ಊಟ. ಇಷ್ಟೇ.

ಈಗ ಆ ಪ್ರಯಾಣವೂ ಕಡಿಮೆಯಾಗುತ್ತಿದೆ. 2017ರ ಜುಲೈ 1ರಂದು ಸರಕು ಮತ್ತು ಸೇವಾ ತೆರಿಗೆ ಜಾರಿಗೆ ಬಂದ ನಂತರ ನಮೂನೆ ಸಲ್ಲಿಕೆ, ತೆರಿಗೆ ಪಾವತಿ ಎಲ್ಲವೂ ಗಣಕಯಂತ್ರದ ಮುಂದೆಯೇ ಮುಗಿಯುತ್ತವೆ. ಸರಕಿನ ಬೇಡಿಕೆಯನ್ನು ಮೊಬೈಲ್‌ನಲ್ಲಿ ಕಳುಹಿಸಿದರೆ ಮಾಲು ಅಂಗಡಿಯ ಬಾಗಿಲಿಗೆ ಬರುತ್ತದೆ. ಇದು ಅನುಕೂಲವೇ ಸರಿ. ಆದರೆ ಇದೇ ಅವಧಿಯಲ್ಲಿ ನಮ್ಮ ಗ್ರಾಹಕರಿಗೆ ಬೆಂಗಳೂರು ಹತ್ತಿರವಾಯಿತು. ಗುಬ್ಬಿಯವರಿಗೆ ಮೊದಲಿನಿಂದಲೂ ಇದ್ದ ರೈಲಿನ ಸೌಕರ್ಯವು ಬೆಂಗಳೂರು-ಹಾಸನ ಮಾರ್ಗ ಪೂರ್ಣಗೊಂಡ 2017ರಲ್ಲಿ ಕುಣಿಗಲ್ ಮತ್ತು ಯಡಿಯೂರಿಗೂ ಒದಗಿತು. ಚತುಷ್ಪಥ ಹೆದ್ದಾರಿ ಮನೆ ಮುಂದೆಯೇ ಇದೆ. ಮದುವೆಯ ಜವಳಿಗೆ, ಹೊಸ ಮನೆಯ ವಿದ್ಯುತ್ ಉಪಕರಣಗಳಿಗೆ ಗ್ರಾಹಕನು ಬೆಂಗಳೂರಿಗೆ ಹೋಗುತ್ತಾನೆ. ಗ್ರಾಹಕನಿಗೆ ನಗರದ ಪರಿಚಯ ಹೆಚ್ಚುತ್ತಿರುವಾಗ ವರ್ತಕನಿಗೆ ಅದು ಕಡಿಮೆಯಾಗುತ್ತಿರುವುದು ಆತಂಕದ ವಿಷಯವೆಂದು ನನ್ನ ಅಭಿಪ್ರಾಯ.

ಆದ್ದರಿಂದ ಬೆಂಗಳೂರಿಗೆ ಹೋಗುವ ಪ್ರತಿ ಬಾರಿಯೂ ಎರಡು ಗಂಟೆಗಳನ್ನು ಬೇರೆಯಾಗಿ ತೆಗೆದಿರಿಸಬೇಕೆಂಬುದು ನನ್ನ ಸಲಹೆ. ಆರ್ಟಿಕಲ್‌ಶಿಪ್ ದಿನಗಳಲ್ಲಿ ಲೆಕ್ಕದ ಪುಸ್ತಕಗಳನ್ನು ಹೊತ್ತು ಆ ನಗರದ ಪೇಟೆಗಳಲ್ಲಿ ಅಲೆದವನಾದ ಕಾರಣ ಕೆಲವು ಸ್ಥಳಗಳನ್ನು ಸೂಚಿಸುವ ಧೈರ್ಯ ಮಾಡಿದ್ದೇನೆ. ವಿಧಾನಸೌಧ, ಅರಮನೆಗಳ ಪಟ್ಟಿ ಇದಲ್ಲ. 2024ರ ನವೆಂಬರ್‌ನಿಂದ ಮೆಟ್ರೊ ಹಸಿರು ಮಾರ್ಗವು ತುಮಕೂರು ರಸ್ತೆಯ ಮಾದಾವರದವರೆಗೆ ಬಂದಿರುವುದರಿಂದ, ಅಲ್ಲಿಯೇ ಬಸ್ಸಿನಿಂದಿಳಿದು ವಾಹನ ದಟ್ಟಣೆಯ ಗೋಜಿಲ್ಲದೆ ಪೇಟೆ ಸೇರಬಹುದು.

ಮೊದಲನೆಯದು ಕೃಷ್ಣರಾಜೇಂದ್ರ ಮಾರುಕಟ್ಟೆಯ ಹೂವಿನ ವ್ಯಾಪಾರ. ಹಿಂದಿನ ರಾತ್ರಿ ನೆಂಟರ ಮನೆಯಲ್ಲಿ ತಂಗಿದವರು ಬೆಳಗಿನ ಜಾವವೇ ಅಲ್ಲಿಗೆ ಹೋಗಬೇಕು. ಹೊತ್ತು ಏರಿದಂತೆ ಹೂವು ಬಾಡುತ್ತದೆ, ಬೆಲೆ ಇಳಿಯುತ್ತದೆ. ನಿನ್ನೆ ಕೊಂಡ ದರವನ್ನು ನೆನೆದು ಮಾರದೆ ಕುಳಿತ ಹೂವಿನ ವ್ಯಾಪಾರಿ ಉಳಿಯಲಾರ. ನಮ್ಮ ಅಂಗಡಿಗಳ ಅಟ್ಟದ ಮೇಲೆ ವರ್ಷಗಟ್ಟಲೆ ಕುಳಿತ ಮಾಲನ್ನು ಕೊಂಡ ಬೆಲೆಗೇ ಅಂತಿಮ ದಾಸ್ತಾನಿನಲ್ಲಿ ತೋರಿಸುವ ಅಭ್ಯಾಸ ಇನ್ನೂ ಹೋಗಿಲ್ಲ. ಕೊಂಡ ಬೆಲೆ ಅಥವಾ ಈಗ ಮಾರಿದರೆ ಕೈಗೆ ಬರುವ ಬೆಲೆ, ಇವೆರಡರಲ್ಲಿ ಕಡಿಮೆಯಾದುದನ್ನೇ ಹಿಡಿಯಬೇಕೆಂಬುದು ಲೆಕ್ಕಶಾಸ್ತ್ರದ ನಿಯಮ. ನಾವು ಪರಿಶೋಧನೆಯ ವೇಳೆ ಎಷ್ಟು ಹೇಳಿದರೂ ಮನಸ್ಸಿಗೆ ಹತ್ತದ ಈ ಮಾತನ್ನು ಹೂವಿನ ಮಾರುಕಟ್ಟೆ ಒಂದೇ ಬೆಳಗಿನಲ್ಲಿ ಕಲಿಸುತ್ತದೆ.

ಎರಡನೆಯದು, ಖರೀದಿಯ ಚೀಟಿ ಕೈಯಲ್ಲಿಲ್ಲದೆ ಹಳೆಯ ಪೇಟೆಯಲ್ಲಿ ನಡೆದಾಡುವುದು. ಕೆಂಪೇಗೌಡರು 1537ರಲ್ಲಿ ಕಟ್ಟಿಸಿದ ಪೇಟೆಯ ಗುರುತು ಇಂದಿಗೂ ಬೀದಿಗಳ ಹೆಸರಿನಲ್ಲಿದೆ: ಅರಳೆಪೇಟೆ, ಅಕ್ಕಿಪೇಟೆ, ರಾಗಿಪೇಟೆ, ಬಳೇಪೇಟೆ, ಕುಂಬಾರಪೇಟೆ, ಗಾಣಿಗರಪೇಟೆ. ಒಂದೇ ಸರಕಿನ ಅಂಗಡಿಗಳು ಒಂದರ ಪಕ್ಕದಲ್ಲಿ ಒಂದು ನಿಂತಿವೆ. ನಮ್ಮ ಊರುಗಳಲ್ಲಿ ಎದುರಿಗೆ ಮತ್ತೊಂದು ಪಾತ್ರೆ ಅಂಗಡಿ ತೆರೆದರೆ ಮಾತು ಬಿಡುವವರಿದ್ದಾರೆ. ಹತ್ತು ಅಂಗಡಿಗಳಿರುವ ಬೀದಿಗೆ ಗ್ರಾಹಕನು ದೂರದಿಂದಲೂ ಬರುತ್ತಾನೆ, ಒಂದೇ ಅಂಗಡಿಯಿದ್ದಲ್ಲಿಗೆ ಅಷ್ಟು ದೂರದಿಂದ ಬರುವುದಿಲ್ಲ ಎಂಬ ಸತ್ಯವನ್ನು ಆ ಬೀದಿಗಳು ಶತಮಾನಗಳಿಂದ ಸಾರುತ್ತಿವೆ.

ಮೂರನೆಯದು, ಬಸವನಗುಡಿಯ ಕಡಲೆಕಾಯಿ ಪರಿಷೆ. ಕಾರ್ತಿಕ ಮಾಸದ ಕೊನೆಯ ಸೋಮವಾರ ದೊಡ್ಡ ಬಸವಣ್ಣನ ಗುಡಿಯ ಸುತ್ತ ನಡೆಯುವ ಈ ಪರಿಷೆಗೆ ನಮ್ಮ ಜಿಲ್ಲೆಯ ಕಾಯಿಯೂ ಹೋಗುತ್ತದೆ. ಸರಕು ಒಂದೇ, ರಾಶಿಗಳು ನೂರಾರು. ಗ್ರಾಹಕನು ಯಾವ ರಾಶಿಯ ಮುಂದೆ ನಿಲ್ಲುತ್ತಾನೆ, ಏಕೆ ನಿಲ್ಲುತ್ತಾನೆ? ಅಳತೆಯ ಧಾರಾಳವೋ, ಮಾತಿನ ನಯವೋ, ರಾಶಿ ಒಪ್ಪವಾಗಿರುವ ಬಗೆಯೋ? ಸ್ವಲ್ಪ ಹೊತ್ತು ದೂರ ನಿಂತು ಗಮನಿಸಿದವರಿಗೆ ಚಿಲ್ಲರೆ ವ್ಯಾಪಾರದ ಪಾಠ ಅಲ್ಲಿಯೇ ಸಿಗುತ್ತದೆ.

ಸಣ್ಣ ಕೈಗಾರಿಕೋದ್ಯಮಿಗಳಿಗೆ ಬೇರೆ ಎರಡು ಸ್ಥಳಗಳಿವೆ. ಮಾದಾವರದ ಬಳಿಯ ಅಂತರರಾಷ್ಟ್ರೀಯ ವಸ್ತುಪ್ರದರ್ಶನ ಕೇಂದ್ರದಲ್ಲಿ ನಡೆಯುವ ಐಮ್‌ಟೆಕ್ಸ್ ಯಂತ್ರೋಪಕರಣ ಪ್ರದರ್ಶನಕ್ಕೆ ಕೊಳ್ಳುವ ಉದ್ದೇಶವಿಲ್ಲದಿದ್ದರೂ ಹೋಗಬೇಕು. ನಮ್ಮ ಲೇತ್ ಯಂತ್ರ ಎಷ್ಟು ಹಿಂದೆ ಉಳಿದಿದೆಯೆಂಬುದು ಸಾಲದ ಅರ್ಜಿ ಬರೆಯುವ ಮುನ್ನ ತಿಳಿದಿರಬೇಕು. 1909ರಲ್ಲಿ ಸ್ಥಾಪನೆಯಾದ ಭಾರತೀಯ ವಿಜ್ಞಾನ ಸಂಸ್ಥೆಯು ವರ್ಷದಲ್ಲೊಂದು ದಿನ ಸಾರ್ವಜನಿಕರಿಗೆ ತನ್ನ ಪ್ರಯೋಗಾಲಯಗಳನ್ನು ತೆರೆದಿಡುತ್ತದೆ. ಅಂದು ಸಂಶೋಧಕರೇ ನಿಂತು ವಿವರಿಸುತ್ತಾರೆ, ಸಂದೇಹಗಳನ್ನು ಕೇಳಲು ಸಂಕೋಚಪಡಬೇಕಿಲ್ಲ.

ಮಕ್ಕಳಿರುವವರು ಕಸ್ತೂರಬಾ ರಸ್ತೆಯ ವಿಶ್ವೇಶ್ವರಯ್ಯ ಕೈಗಾರಿಕಾ ಮತ್ತು ತಾಂತ್ರಿಕ ವಸ್ತುಸಂಗ್ರಹಾಲಯವನ್ನು ಮರೆಯಬಾರದು. 1965ರಿಂದ ನಡೆದುಬಂದಿರುವ ಈ ಸಂಗ್ರಹಾಲಯದ ಎಂಜಿನ್ ವಿಭಾಗದಲ್ಲಿ ಯಂತ್ರಗಳ ಒಳಗನ್ನು ಕಣ್ಣಾರೆ ಕಾಣಬಹುದು. ಸರ್ ಎಂ. ವಿಶ್ವೇಶ್ವರಯ್ಯನವರು 1913ರಲ್ಲಿ ಮೈಸೂರು ಬ್ಯಾಂಕಿನ, 1916ರಲ್ಲಿ ಮೈಸೂರು ವಾಣಿಜ್ಯ ಮಂಡಳಿಯ ಸ್ಥಾಪನೆಗೆ ಕಾರಣರಾದವರು. ಆ ಬ್ಯಾಂಕು 2017ರಲ್ಲಿ ಸ್ಟೇಟ್ ಬ್ಯಾಂಕಿನಲ್ಲಿ ವಿಲೀನವಾಗಿದೆ. ಆದರೂ ಕೆಂಪೇಗೌಡ ರಸ್ತೆಯ ಆ ವೃತ್ತವನ್ನು ಜನರು ಮೈಸೂರು ಬ್ಯಾಂಕ್ ವೃತ್ತವೆಂದೇ ಕರೆಯುತ್ತಾರೆ.

ಕೊನೆಯದಾಗಿ, ವ್ಯಾಪಾರದ ಸೋಂಕಿಲ್ಲದ ಒಂದು ತಾಣ. ಲಾಲ್‌ಬಾಗಿನ ಬಂಡೆಯು ಸುಮಾರು 300 ಕೋಟಿ ವರ್ಷ ಹಳೆಯದು, ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ. ಮೇಲೆ ಕೆಂಪೇಗೌಡರ ಗೋಪುರವಿದೆ. ಸಂಜೆ ಅರ್ಧ ಗಂಟೆ ಅದರ ಮೇಲೆ ಕುಳಿತವರಿಗೆ ಮಾರ್ಚ್ ತಿಂಗಳ ಚಿಂತೆ ಸ್ವಲ್ಪ ಹಗುರವಾಗಿ ತೋರೀತು.

ಅಂಗಡಿ ಮುಚ್ಚಿ ಅಲೆದಾಡಲು ಪುರುಸೊತ್ತೆಲ್ಲಿ ಎಂದು ಕೇಳುವವರಿದ್ದಾರೆ. ನಾನು ಕೇಳುತ್ತಿರುವುದು ಬೇರೆ ದಿನವನ್ನಲ್ಲ, ಹೋದ ದಿನದಲ್ಲೇ ಎರಡು ಗಂಟೆಗಳನ್ನು. ಕುಟುಂಬ ಸಮೇತ ಹೋದ ಖರ್ಚನ್ನು ಮಾತ್ರ ದಯವಿಟ್ಟು ವ್ಯವಹಾರದ ಪುಸ್ತಕಕ್ಕೆ ಬರೆಯಬೇಡಿ. ಅದು ಸ್ವಂತ ಖಾತೆಗೇ ಸೇರತಕ್ಕದ್ದು.

ಇದರಲ್ಲಿ ಇನ್ನೂ ದೊಡ್ಡ ವಿಷಯವೊಂದಿದೆ. ಲಾಭದಲ್ಲಿರುವ ಅಂಗಡಿಗಳೇ ಮುಂದೆ ನೋಡಿಕೊಳ್ಳುವವರಿಲ್ಲದೆ ಮುಚ್ಚುತ್ತಿರುವುದನ್ನು ನಮ್ಮ ವೃತ್ತಿಯವರು ಕಾಣುತ್ತಿದ್ದೇವೆ. ಓದಿದ ಮಗನಿಗೆ, ಮಗಳಿಗೆ ತಂದೆಯ ವ್ಯಾಪಾರವೆಂದರೆ ಧೂಳು, ಸಾಲದ ಪುಸ್ತಕ, ಬೇಸರ. ಅವರನ್ನು ಒಮ್ಮೆ ಜೊತೆಗೆ ಕರೆದೊಯ್ದು ಹೂವಿನ ಮಾರುಕಟ್ಟೆಯನ್ನೂ ಯಂತ್ರಗಳ ಪ್ರದರ್ಶನವನ್ನೂ ತೋರಿಸಿದರೆ, ವ್ಯಾಪಾರವೂ ಬುದ್ಧಿಯ ಕೆಲಸವೆಂಬುದು ಅವರಿಗೆ ಮನವರಿಕೆಯಾದೀತು. ಮೂರು ತಿಂಗಳಿಗೊಮ್ಮೆ ಸದಸ್ಯರ ಮಕ್ಕಳಿಗಾಗಿ ಇಂತಹ ಒಂದು ದಿನದ ಪ್ರವಾಸವನ್ನು ನಮ್ಮ ಸಂಸ್ಥೆಯೇ ಏರ್ಪಡಿಸಬೇಕೆಂದು ಪದಾಧಿಕಾರಿಗಳಲ್ಲಿ ವಿನಂತಿಸುತ್ತೇನೆ.