ರೆಪ್ಪೆ ಹಾರಿದರೆ ದೇವರು ಮಾತನಾಡಿದಂತೆಯೇ?



ನಮ್ಮ ಕಲಬುರಗಿಯ ಆಡುಮಾತಿನಲ್ಲಿ ಕಣ್ಣು ‘ಹಾರುತ್ತದೆ’. ಐವಾನ್-ಎ-ಶಾಹಿಯ ಬಂಗಲೆಯಾಗಲಿ, ಕಮಲಾಪುರದ ಕೆಂಬಾಳೆ ತೋಟದ ಮನೆಯಾಗಲಿ, ‘ಯಾಕೋ ಮುಂಜಾನಿಂದ ಬಲಗಣ್ಣು ಹಾರಲತ್ತದ’ ಎಂದು ಹೆಣ್ಣುಮಗಳೊಬ್ಬಳು ಹೇಳಿದರೆ ಸಾಕು, ಎಲ್ಲರ ಮುಖ ಕಳೆಗುಂದುತ್ತದೆ. ಊರಿಗೆ ಹೊರಟವರು ಚೀಲ ಕೆಳಗಿಡುತ್ತಾರೆ. ಹೆಣ್ಣು ನೋಡುವ ಕಾರ್ಯ ಮುಂದಿನ ವಾರಕ್ಕೆ ಹೋಗುತ್ತದೆ. ಭಾನುವಾರದ ಬಲಿಪೂಜೆಯಲ್ಲಿ ವಿಶ್ವಾಸ ಪ್ರಮಾಣವನ್ನು ಗಟ್ಟಿದನಿಯಲ್ಲಿ ಹೇಳಿ ಬಂದ ಮನೆಗಳಲ್ಲಿಯೂ ಹೀಗೆಯೇ ನಡೆಯುತ್ತದೆ. ಆದ್ದರಿಂದಲೇ ಈ ಲೇಖನ.

ಶಕುನದ ನಿಯಮವನ್ನೇ ಮೊದಲು ಪರಿಶೀಲಿಸೋಣ. ಗಂಡಸಿಗೆ ಬಲಗಣ್ಣು ಶುಭ, ಹೆಂಗಸಿಗೆ ಎಡಗಣ್ಣು ಶುಭ ಎನ್ನುತ್ತಾರೆ. ಹಾಗಾದರೆ ಒಂದೇ ಮನೆಯ ಅಣ್ಣ ತಂಗಿಯರಿಬ್ಬರಿಗೂ ಬಲಗಣ್ಣು ಹಾರಿದ ದಿನ ಆ ಮನೆಗೆ ಬರುವುದು ಶುಭವೋ ಅಶುಭವೋ? ಚೀನಾ ದೇಶದ ಜನಪದ ನಂಬಿಕೆಯಲ್ಲಿ ಎಡಗಣ್ಣು ಧನಲಾಭ, ಬಲಗಣ್ಣು ವಿಪತ್ತು. ಅಲ್ಲಿ ಗಂಡು ಹೆಣ್ಣಿನ ಭೇದವಿಲ್ಲ. ಗಡಿ ದಾಟಿದೊಡನೆ ಅರ್ಥ ಬದಲಾಗುವ ದೈವವಾಣಿ ಎಂಥದ್ದು? ಅಶೋಕವನದ ಸೀತೆಗೆ ಎಡಗಣ್ಣು ಅದುರಿತು, ದುಷ್ಯಂತನ ಸಭೆಯಲ್ಲಿ ಶಕುಂತಲೆಗೆ ಬಲಗಣ್ಣು ಅದುರಿತು ಎಂದು ವಾದಿಸುವ ವಿದ್ಯಾವಂತರೂ ಇದ್ದಾರೆ. ಆ ಕಾವ್ಯಗಳ ಸೊಗಸಿಗೆ ನಾನೂ ತಲೆದೂಗುತ್ತೇನೆ. ಆದರೆ ಮುಂದಿನ ಕಥೆ ಏನೆಂಬುದು ಕವಿಗೆ ಮೊದಲೇ ಗೊತ್ತಿತ್ತು. ನಮ್ಮ ರೆಪ್ಪೆಗೆ ಗೊತ್ತಿಲ್ಲ.

ರೆಪ್ಪೆಗೆ ಗೊತ್ತಿರುವುದು ಬೇರೆ. ಕಣ್ಣಿನ ಸುತ್ತ ಉಂಗುರದಂತೆ ಹರಡಿದ ತೆಳುವಾದ ಸ್ನಾಯುವೊಂದಿದೆ. ಮುಖದ ನರ, ಅಂದರೆ ಮೆದುಳಿನಿಂದ ಹೊರಡುವ ಏಳನೆಯ ನರ, ಅದನ್ನು ನಡೆಸುತ್ತದೆ. ಆ ಸ್ನಾಯುವಿನ ಕೆಲವು ಎಳೆಗಳು ತಮ್ಮಷ್ಟಕ್ಕೆ ತಾವೇ ಮಿಡಿದಾಗ ರೆಪ್ಪೆ, ಹೆಚ್ಚಾಗಿ ಕೆಳರೆಪ್ಪೆ, ಅದುರುತ್ತದೆ. ವೈದ್ಯರು ಇದನ್ನು ‘ಮಯೋಕೀಮಿಯಾ’ ಎನ್ನುತ್ತಾರೆ. ನಿದ್ರೆಗೇಡು, ದಣಿವು, ಮನಸ್ಸಿನ ಒತ್ತಡ, ಅತಿಯಾದ ಚಹಾ ಕಾಫಿ, ಬಹಳ ಹೊತ್ತು ಮೊಬೈಲು ಕಂಪ್ಯೂಟರು ನೋಡುವುದು, ಒಣಗಿದ ಕಣ್ಣು ಇವೇ ಸಾಮಾನ್ಯ ಕಾರಣಗಳು. ನಮ್ಮ ಬೇಸಿಗೆಯ ಬಿಸಿಗಾಳಿ ಕಣ್ಣನ್ನು ಒಣಗಿಸದೆ ಬಿಟ್ಟೀತೇ? ವಿಶ್ರಾಂತಿ ದೊರೆತರೆ ಕೆಲವು ದಿನಗಳಲ್ಲಿ, ಹೆಚ್ಚೆಂದರೆ ಕೆಲವು ವಾರಗಳಲ್ಲಿ ಅದು ತಾನಾಗಿ ನಿಲ್ಲುತ್ತದೆ.

ಆದರೆ ವಾರಗಟ್ಟಲೆ ನಿಲ್ಲದಿದ್ದರೆ, ಕಣ್ಣು ಪೂರ್ತಿ ಮುಚ್ಚಿಕೊಳ್ಳುವಂತಿದ್ದರೆ, ಸೆಳೆತ ಕೆನ್ನೆ ಬಾಯಿಗೆ ಹರಡಿದರೆ, ರೆಪ್ಪೆ ಜೋತುಬಿದ್ದರೆ, ಕಣ್ಣು ಕೆಂಪಾಗಿ ಕೀವು ಬಂದರೆ ವೈದ್ಯರಲ್ಲಿಗೆ ಹೋಗಲೇಬೇಕು. ಮುಖದ ಅರ್ಧಭಾಗವೆಲ್ಲ ಸೆಳೆಯುವ ಒಂದು ರೋಗವಿದೆ. ರಕ್ತನಾಳವೊಂದು ಮುಖದ ನರವನ್ನು ಒತ್ತುವುದೇ ಅದಕ್ಕೆ ಬಹುಪಾಲು ಕಾರಣ. ಅದಕ್ಕೆ ಚುಚ್ಚುಮದ್ದಿನ ಚಿಕಿತ್ಸೆಯಿದೆ, ಶಸ್ತ್ರಚಿಕಿತ್ಸೆಯೂ ಇದೆ. ಹಠಾತ್ತನೆ ಬಾಯಿ ಸೊಟ್ಟಗಾಗಿ, ಕೈ ಸೋತು, ಮಾತು ತೊದಲಿದರೆ ಅದು ಪಾರ್ಶ್ವವಾಯುವಿನ ಲಕ್ಷಣ. ಆಗ ಒಂದು ಗಳಿಗೆಯನ್ನೂ ಕಳೆಯದೆ ಆಸ್ಪತ್ರೆಗೆ ಧಾವಿಸಬೇಕು. ದೃಷ್ಟಿ ತೆಗೆಯುತ್ತಾ ಕೂರುವ ಮನೆಯವರು ಕಳೆದುಕೊಳ್ಳುವುದು ಈ ಹೊತ್ತನ್ನೇ.

‘ಹಿರಿಯರ ಮಾತು, ನಂಬಿದರೆ ಯಾರಿಗೇನು ನಷ್ಟ, ಫಾದರ್?’ ಎಂದು ನೀವು ಕೇಳಬಹುದು. ನಷ್ಟದ ಲೆಕ್ಕ ನಮ್ಮ ಜಿಲ್ಲೆಯಲ್ಲಿಯೇ ಇದೆ. 2019ರ ಡಿಸೆಂಬರ್ 26ರ ಸೂರ್ಯಗ್ರಹಣದಂದು ನಗರಕ್ಕೆ ಸಮೀಪದ ತಾಜಸುಲ್ತಾನಪುರದಲ್ಲಿ ಅಂಗವಿಕಲ ಮಕ್ಕಳನ್ನು ಕುತ್ತಿಗೆಯವರೆಗೆ ಮಣ್ಣಿನಲ್ಲಿ ಹೂತು ನಿಲ್ಲಿಸಿದರು, ಅಂಗವೈಕಲ್ಯ ವಾಸಿಯಾಗಲೆಂದು. ಅಮಾನವೀಯ ಆಚರಣೆಗಳನ್ನೂ ವಾಮಾಚಾರವನ್ನೂ ನಿಷೇಧಿಸುವ ಕಾನೂನನ್ನು ನಮ್ಮ ರಾಜ್ಯ 2017ರಲ್ಲಿಯೇ ಮಾಡಿತ್ತು. ಆ ತಂದೆತಾಯಿಗಳು ಕ್ರೂರಿಗಳಲ್ಲ. ಮಕ್ಕಳ ಮೇಲಿನ ಮಮತೆಯಿಂದಲೇ ಹಾಗೆ ಮಾಡಿದವರು. ರೆಪ್ಪೆಯ ಅದುರಿನಿಂದ ಮಣ್ಣಿನ ಗುಂಡಿಗೆ ಬಹುದೂರ ಎನ್ನುವಿರಾ? ದೂರವೇನೋ ಹೌದು, ಆದರೆ ದಾರಿ ಒಂದೇ. ದೇಹದ ನೋವಿಗೆ ಉತ್ತರವನ್ನು ಆಕಾಶದಲ್ಲಿಯೂ ಶಕುನದಲ್ಲಿಯೂ ಹುಡುಕುವ ಅಭ್ಯಾಸವನ್ನು ಮಕ್ಕಳು ಅಡುಗೆಮನೆಯಲ್ಲಿಯೇ ಕಲಿಯುತ್ತಾರೆ.

ಹುಟ್ಟುಕುರುಡನನ್ನು ಕಂಡ ಶಿಷ್ಯರು, ಪಾಪ ಮಾಡಿದವನು ಇವನೋ ಇವನ ಹೆತ್ತವರೋ ಎಂದು ಪ್ರಭುವನ್ನು ಕೇಳಿದರು. ಸಂತ ಯೊವಾನ್ನರ ಶುಭಸಂದೇಶದ 9ನೆಯ ಅಧ್ಯಾಯವನ್ನು ಮನೆಮಂದಿಯೆಲ್ಲ ಕೂಡಿ ಓದಿರಿ. ಯೇಸು ಆ ಎರಡು ಆಯ್ಕೆಗಳನ್ನೂ ತಳ್ಳಿಹಾಕಿ ಆ ಮನುಷ್ಯನ ಕಣ್ಣಿನತ್ತ ಕೈಚಾಚುತ್ತಾರೆ. ಶಕುನ ನೋಡುವುದನ್ನು ಧರ್ಮೋಪದೇಶಕಾಂಡದ 18ನೆಯ ಅಧ್ಯಾಯ ನೇರವಾಗಿ ನಿಷೇಧಿಸುತ್ತದೆ.

ಇನ್ನು ನೆರೆಯವರನ್ನು ನೋಡಿ ನಗುವ ಅಧಿಕಾರ ನಮಗಿದೆಯೇ? ಕಣ್ಣು ಹಾರಿತೆಂದು ರೆಪ್ಪೆಗೆ ಪವಿತ್ರ ಜಲ ಸವರಿ, ತಾಯತದ ಬದಲು ಜಪಸರವನ್ನು ದಿಂಬಿನಡಿ ಇಟ್ಟು, ಇಷ್ಟು ಸಲ ಹೇಳಿದರೆ ಅಶುಭ ಕಳೆಯುತ್ತದೆ ಎಂದು ಪ್ರಾರ್ಥನೆಯನ್ನು ಎಣಿಸುವವರು ನಮ್ಮಲ್ಲಿಲ್ಲವೇ? ಮನಸ್ಸಿನ ಭಕ್ತಿಯನ್ನು ಬಿಟ್ಟು ಹೊರಗಿನ ಕ್ರಿಯೆಗೇ ಶಕ್ತಿಯಿದೆ ಎಂದು ನಂಬುವುದು ಮೂಢನಂಬಿಕೆಗೆ ಬೀಳುವುದೇ ಎಂದು ಕಥೋಲಿಕ ಧರ್ಮಸಭೆಯ ಧರ್ಮೋಪದೇಶ ಗ್ರಂಥ (2111) ತೀರ್ಪು ಕೊಟ್ಟಿದೆ. ಜಪಸರ ಕೈಯಲ್ಲಿರಲಿ, ಅದನ್ನು ತಾಯತವಾಗಿಸಬೇಡಿ.

ಪರೀಕ್ಷೆಯ ತಿಂಗಳಲ್ಲಿ ಮಗಳು ಕಣ್ಣುಜ್ಜುತ್ತಾ ಬಂದು, ‘ಅಮ್ಮಾ, ಕಣ್ಣು ಹಾರಲತ್ತದ’ ಎಂದರೆ ಎಡವೋ ಬಲವೋ ಎಂದು ವಿಚಾರಿಸಬೇಡಿ. ರಾತ್ರಿ ಎಷ್ಟು ಹೊತ್ತು ಮಲಗಿದ್ದೆ ಎಂದು ಕೇಳಿರಿ. ದೀಪ ಆರಿಸಿ, ಮೊಬೈಲು ತೆಗೆದಿಟ್ಟು, ಅವಳನ್ನು ಮಲಗಲು ಕಳುಹಿಸಿರಿ.