ನಿನ್ನ ಕಥೆ ನೀನು ಕಳಿಸು

ಐರ್ಲೆಂಡಿನ ಕಾರ್ಕ್ ನಗರದಲ್ಲಿ ನರ್ಸ್ ಆಗಿರುವ ನನ್ನ ತಂಗಿಯ ಮಗಳು ಒಂದು ಭಾನುವಾರ ಫೋನ್ ಮಾಡಿದಳು. ಮಳೆ, ಅಡುಗೆ, ನೈಟ್ ಡ್ಯೂಟಿ ಎಲ್ಲ ಮಾತಾಡಿ ಮುಗಿದ ಮೇಲೆ ಸ್ವರ ತಗ್ಗಿಸಿ, "ದೊಡ್ಡಮ್ಮಾ, ಇಲ್ಲಿ ಒಂದು ಕಥಾಸ್ಪರ್ಧೆ ಉಂಟು, ಐರಿಶ್ ಬರಹಗಾರರಿಗೆ. ಈ ದೇಶದಲ್ಲಿ ವಾಸ ಇರುವವರೂ ಕಳಿಸಬಹುದಂತೆ. ನಾನು ಕಳಿಸಿದರೆ ನಗೆಪಾಟಲು ಆದೀತಾ?" ಎಂದು ಕೇಳಿದಳು. ಡಬ್ಬಿಯಿಂದ ಬೆಲ್ಲ ಕದ್ದು ಸಿಕ್ಕಿಬಿದ್ದ ಮಗುವಿನ ಸ್ವರ ಅದು.

ನನಗಿಂತ ಮೊದಲು ಅಮ್ಮನ ಹತ್ತಿರ ಕೇಳಿದ್ದಳಂತೆ. "ಕಥೆ ಬರೆಯುವ ಹೊತ್ತಿನಲ್ಲಿ ಒಂದು ಶಿಫ್ಟ್ ಜಾಸ್ತಿ ಮಾಡು, ಮನೆ ಸಾಲವಾದರೂ ಇಳಿದೀತು" ಎಂಬ ಉತ್ತರ ಬಂತು. ಅಲ್ಲಿನ ನಮ್ಮವರೊಬ್ಬರು, "ಅವರ ಸ್ಪರ್ಧೆ ಅವರಿಗೇ, ನಿನಗೆ ಯಾಕೆ?" ಅಂದರಂತೆ. ಈ ಎರಡು ಮಾತುಗಳ ಮೇಲೇ ನನ್ನ ಜಗಳ.

ಮೊದಲು ಎರಡನೆಯ ಮಾತು. ಅವರು ಎಂದರೆ ಯಾರು? ಫ್ರಾನ್ಸಿಸ್ ಮ್ಯಾಕ್‌ಮಾನಸ್ ಎಂಬ ಲೇಖಕರ ನೆನಪಿನಲ್ಲಿ ಅಲ್ಲಿನ ರೇಡಿಯೊ 1986ರಿಂದ ಕಥಾಸ್ಪರ್ಧೆ ನಡೆಸುತ್ತಿದೆ. ಆ ನಾಡಿನಲ್ಲಿ ಹುಟ್ಟಿದವರಿಗೂ ಅಲ್ಲಿ ವಾಸ ಇರುವವರಿಗೂ ಅದರಲ್ಲಿ ಜಾಗ ಉಂಟು. ಇನ್ನೊಂದು ಕಡೆ ನೋಡಿ. 2004ರಲ್ಲಿ ಅದೇ ದೇಶದ ಜನ ಮತ ಹಾಕಿ, ಅಲ್ಲಿ ಹುಟ್ಟಿದ ಮಾತ್ರಕ್ಕೆ ಎಲ್ಲ ಮಕ್ಕಳಿಗೂ ಪೌರತ್ವ ಸಿಗುತ್ತಿದ್ದುದನ್ನು ನಿಲ್ಲಿಸಿದರು. ಸಂವಿಧಾನ ಬಾಗಿಲನ್ನು ಅರ್ಧ ಮುಚ್ಚಿತು, ಕಥೆಯ ಬಾಗಿಲು ತೆರೆದೇ ಉಳಿಯಿತು. ತೆರೆದ ಬಾಗಿಲ ಎದುರು ನಿಂತು "ಒಳಗೆ ಬರಲಾ?" ಎಂದು ನೂರು ಸಲ ಕೇಳುವವರು ನಾವೇ, ಹೆಂಗಸರು.

ನೈಜೀರಿಯಾದಲ್ಲಿ ಹುಟ್ಟಿದ ಮೆಲಾಟು ಉಚೆ ಒಕೊರಿ ಆಶ್ರಯ ಬೇಡಿ ಐರ್ಲೆಂಡಿಗೆ ಹೋದವರು. ಅರ್ಜಿ ತೀರ್ಮಾನವಾಗುವ ತನಕ ಸರಕಾರ ಇರಿಸುವ ವಸತಿಗೃಹಗಳಲ್ಲಿ ಎಂಟು ವರ್ಷಕ್ಕೂ ಮೇಲೆ ಕಳೆದರು. ಅಲ್ಲಿನ ಬದುಕನ್ನೇ ಕಥೆ ಮಾಡಿದರು, 2018ರಲ್ಲಿ ಪುಸ್ತಕ ಬಂತು. ಸರತಿಯಲ್ಲಿ ನಿಂತು ಊಟ, ಸರತಿಯಲ್ಲಿ ನಿಂತು ಸೋಪು. ಇದು ಐರ್ಲೆಂಡಿನ ಕಥೆ ಅಲ್ಲವೆಂದರೆ ಮತ್ತೆ ಯಾವ ದೇಶದ್ದು?

ಇನ್ನು ಕೆಲವರು ಮೂಗು ಮುರಿಯುತ್ತಾರೆ, "ಸ್ಪರ್ಧೆಗೆಲ್ಲ ಕಳಿಸುವುದು ಹೊಸಬರು, ನಿಜವಾದ ಲೇಖಕಿ ಕಳಿಸುವುದಿಲ್ಲ" ಎಂದು. ಅವರಿಗೆ ನಾನು ಕ್ಲೇರ್ ಕೀಗನ್ ಹೆಸರು ಹೇಳುತ್ತೇನೆ. ಎರಡು ಕಥಾಸಂಕಲನ ಬಂದು ಹೆಸರಾದ ಮೇಲೂ ಆಕೆ 2009ರಲ್ಲಿ ಡೇವಿ ಬರ್ನ್ಸ್ ಸ್ಪರ್ಧೆಗೆ ಕಥೆ ಕಳಿಸಿದರು. ಡಬ್ಲಿನ್ನಿನ ಒಂದು ಪಬ್ಬಿನ ಹೆಸರಿನ ಸ್ಪರ್ಧೆ ಅದು, ಬಹುಮಾನ 25,000 ಯೂರೊ. ಬಸುರಿ ತಾಯಿಯ ಮನೆಯಿಂದ ಬೇಸಿಗೆಗೆಂದು ನೆಂಟರ ಮನೆಗೆ ಬಂದ ಒಂದು ಹುಡುಗಿಯ ಕಥೆ 'ಫಾಸ್ಟರ್' ಗೆದ್ದಿತು. ಮರುವರ್ಷ ಪುಸ್ತಕವಾಯಿತು. 2022ರಲ್ಲಿ ಐರಿಶ್ ಭಾಷೆಯ ಸಿನಿಮಾ ಆಗಿ ತೆರೆಗೆ ಬಂತು, 2023ರಲ್ಲಿ ಆಸ್ಕರ್ ನಾಮನಿರ್ದೇಶನದ ತನಕ ಹೋಯಿತು. ಕಳಿಸದೇ ಇದ್ದಿದ್ದರೆ ಆ ಬಹುಮಾನ ಬೇರೆ ಯಾರದೋ ಕೈಗೆ ಹೋಗುತ್ತಿತ್ತು, ಅಷ್ಟೆ.

ಒಳ್ಳೆಯದಾದರೆ ಹೇಗೂ ಗುರುತಿಸುತ್ತಾರೆ ಎಂದು ಕಾದು ಕೂತ ಹೆಂಗಸರ ಗತಿ ಏನಾಯಿತು ಎಂಬುದಕ್ಕೆ ಆ ದೇಶವೇ ಸಾಕ್ಷಿ. 1973ರ ತನಕ ಅಲ್ಲಿ ಸರಕಾರಿ ನೌಕರಿಯ ಹೆಂಗಸು ಮದುವೆಯಾದರೆ ಕೆಲಸ ಬಿಡಬೇಕಿತ್ತು. ಎಡ್ನಾ ಓಬ್ರಿಯನ್ 1960ರಲ್ಲಿ ಹಳ್ಳಿ ಹುಡುಗಿಯರ ಕಾದಂಬರಿ ಬರೆದದ್ದಕ್ಕೆ ಸರಕಾರ ಅದನ್ನು ನಿಷೇಧಿಸಿತು. 1991ರಲ್ಲಿ ಇಡೀ ಐರಿಶ್ ಸಾಹಿತ್ಯವನ್ನು ಒಟ್ಟು ಮಾಡಿದ ಮೂರು ದಪ್ಪ ಸಂಪುಟಗಳು ಬಂದವು, ಫೀಲ್ಡ್ ಡೇ ಎಂದು ಹೆಸರು. ಅದರಲ್ಲಿ ಹೆಂಗಸರಿಗೆ ಸಿಕ್ಕ ಜಾಗ ಅಂಗೈಯಗಲ. ಗದ್ದಲ ಎದ್ದ ಮೇಲೆ, 2002ರಲ್ಲಿ, ಹೆಂಗಸರ ಬರಹಕ್ಕೆಂದೇ ಇನ್ನೆರಡು ಸಂಪುಟ ಬಂದವು. ಆರಿಸುವವರು ತಮಗೆ ಪರಿಚಯದವರನ್ನೇ ಆರಿಸಿದರೆ ಹೀಗೇ ಆಗುವುದು. ಹಾಳೆಯ ಮೇಲೆ ಹೆಸರು ಬರೆಯಬೇಡಿ ಎನ್ನುವ ಸ್ಪರ್ಧೆಯಲ್ಲಿ ಅಷ್ಟಾದರೂ ನ್ಯಾಯ ಉಂಟು. ಯಾರ ಹೆಂಡತಿ, ಯಾವ ಊರು, ಯಾವ ಬಣ್ಣ ಎಂದು ಹಾಳೆ ಹೇಳುವುದಿಲ್ಲ.

ಸ್ಪರ್ಧೆಗಳಲ್ಲಿ ಎಲ್ಲವೂ ಸರಿ ಎಂದು ನಾನು ಹೇಳುತ್ತಿಲ್ಲ. ಪ್ರವೇಶ ಶುಲ್ಕ ಕೇಳುವುದು ನನಗೆ ಸಿಟ್ಟು ಬರಿಸುವ ಸಂಗತಿ. ಒಕೊರಿಯವರಂತೆ ಆಶ್ರಯಕ್ಕೆ ಕಾದವರಿಗೆ 2017ರ ತನಕ ಕೈಗೆ ಸಿಗುತ್ತಿದ್ದುದು ವಾರಕ್ಕೆ 19 ಯೂರೊ 10 ಸೆಂಟ್. ಹತ್ತು ಯೂರೊ ಶುಲ್ಕ ಎಂದರೆ ಅರ್ಧ ವಾರದ ದುಡ್ಡು ಹೋಯಿತು. ಎಲ್ಲರಿಗೂ ಬಾಗಿಲು ತೆರೆದಿದ್ದೇವೆ ಎನ್ನುವವರು ಹೊಸಿಲಲ್ಲಿ ಕಾಸಿನ ಡಬ್ಬಿ ಇಟ್ಟು ಕೂರಬಾರದು. ಇಲ್ಲದವರಿಗೆ ಶುಲ್ಕ ಬಿಡಲಿ. ಆದರೆ ಆ ಜಗಳ ಆಡುವುದಕ್ಕೂ ನಾವು ಒಳಗೆ ಹೋಗಿರಬೇಕಲ್ಲ?

ಈಗ ತಂಗಿಯ ಮಾತಿಗೆ ಬರುತ್ತೇನೆ. ಒಂದು ಶಿಫ್ಟಿನ ಬೆಲೆ ಅವಳಿಗೆ ಗೊತ್ತು, ಕಥೆಯ ಬೆಲೆ ಗೊತ್ತಿಲ್ಲ. ಅವಳನ್ನು ಬೈಯಲು ನನಗೆ ಮುಖವಿಲ್ಲ. ಮೂವತ್ತು ವರ್ಷದ ಹಿಂದೆ ನಾನೂ ದೀಪಾವಳಿ ವಿಶೇಷಾಂಕದ ಸ್ಪರ್ಧೆಗೆಂದು ಒಂದು ಕಥೆ ಬರೆದಿದ್ದೆ. ಲಕೋಟೆಗೆ ಸ್ಟಾಂಪನ್ನೂ ಹಚ್ಚಿದ್ದೆ. ಯಾರೂ ನನ್ನನ್ನು ತಡೆಯಲಿಲ್ಲ, ಮನೆಯವರು ಕೇಳಲೂ ಇಲ್ಲ. ನಾಳೆ ಹಾಕಿದರಾಯಿತು ಎಂದು ನಾನೇ ಟ್ರಂಕಿನಲ್ಲಿ ಧಾರೆ ಸೀರೆಯ ಕೆಳಗೆ ಇಟ್ಟೆ. ಈಗಲೂ ಅಲ್ಲೇ ಉಂಟು, ನುಸಿಗುಳಿಗೆಯ ವಾಸನೆ ಹೊಡೆಯುತ್ತ. ಸೋತಿದ್ದರೆ ಒಂದು ವಾರ ಅಳುತ್ತಿದ್ದೆ, ಮರೆಯುತ್ತಿದ್ದೆ. ಕಳಿಸದೇ ಇದ್ದದ್ದನ್ನು ಮಾತ್ರ ಇಂದಿಗೂ ಮರೆತಿಲ್ಲ.

ಹುಡುಗಿಯ ಕಥೆ ಏನು ಎಂದು ಕೇಳಿದೆ. ವಾರ್ಡಿನಲ್ಲಿ ಒಬ್ಬರು ಅಜ್ಜಿ ಇದ್ದರಂತೆ, ರಾತ್ರಿ ಇವಳನ್ನು ತೀರಿಹೋದ ತನ್ನ ಮಗಳ ಹೆಸರಿನಿಂದ ಕರೆಯುತ್ತಿದ್ದರಂತೆ. ಮೊದಮೊದಲು ತಿದ್ದುತ್ತಿದ್ದವಳು ಆಮೇಲೆ "ಹೂಂ" ಎನ್ನಲು ಶುರು ಮಾಡಿದಳಂತೆ. "ಅಲ್ಲ ಮಾರಾಯ್ತಿ, ಅವರ ಅಜ್ಜಿಯೇ ನಿನ್ನನ್ನು ಮಗಳು ಅಂದಾಯಿತು. ಇನ್ನು ಯಾರ ಒಪ್ಪಿಗೆ ಬೇಕು ನಿನಗೆ? ಕಳಿಸು" ಎಂದೆ.

ಮೊನ್ನೆ ಮೆಸೇಜು ಬಂತು, "ಕಳಿಸಿದೆ ದೊಡ್ಡಮ್ಮಾ." ಬಹುಮಾನ ಬಂದೀತು, ಬಾರದೆಯೂ ಇದ್ದೀತು. ಅವಳ ಟ್ರಂಕಿನಲ್ಲಂತೂ ಆ ಕಥೆ ಕೊಳೆಯುವುದಿಲ್ಲ. ನಿಮ್ಮ ಟ್ರಂಕಿನಲ್ಲಿ ಏನಿದೆ, ಇವತ್ತು ಸಂಜೆ ಒಮ್ಮೆ ತೆಗೆದು ನೋಡಿ.