ತಳ್ಳಿದವರು ಯಾರು?

ಕೈಕೊಡುವ ಹಳೆಯ ಕಾರುಗಳ ಬಗ್ಗೆ ನಮ್ಮಲ್ಲಿ ಬರುವ ತಮಾಷೆಯ ಬರಹಗಳನ್ನು ಓದಿದಾಗಲೆಲ್ಲ ನನಗೆ ಒಂದೇ ಪ್ರಶ್ನೆ: ಇವನ್ನು ತಳ್ಳಿದವರು ಯಾರು? ಬರೆಯುವವರು ಬಹುತೇಕ ಸ್ಟೀರಿಂಗ್ ಹಿಡಿದವರು. ಅವರ ಪಾಲಿಗೆ ಕಾರು ಹಟಮಾರಿ ಎಮ್ಮೆ, ಮುನಿದ ಹೆಂಡತಿ. (ಹೆಂಡತಿಯ ಹೋಲಿಕೆಗೆ ಇನ್ನೂ ನಗು ಬರುತ್ತದೆಂದು ನಂಬಿದವರಿದ್ದಾರೆ.)

ನಮ್ಮಪ್ಪ ಮೂರು ಕಾರು ಇಟ್ಟಿದ್ದರು, ಮೂರೂ ಸೆಕೆಂಡ್ ಹ್ಯಾಂಡ್. ಒಂದು ಮಳೆಗಾಲದಲ್ಲಿ ಸ್ಟಾರ್ಟ್ ಆಗುತ್ತಿರಲಿಲ್ಲ, ಇನ್ನೊಂದು ಬೇಸಿಗೆಯಲ್ಲಿ ಏರು ಹತ್ತುತ್ತಿರಲಿಲ್ಲ. ಮೂರನೆಯದರ ಮಾತೇ ಬೇಡ. ಅಮ್ಮ ಸೆರಗು ಸಿಕ್ಕಿಸಿ ಹಿಂದಿನಿಂದ ತಳ್ಳುತ್ತಿದ್ದಳು. ಇಳಿಜಾರಿನಲ್ಲಿ ಚಕ್ರದ ಹಿಂದೆ ಕಲ್ಲು ಇಡುವುದು ನನ್ನ ಕೆಲಸ. ಒಂದು ಏಪ್ರಿಲ್ ಮಧ್ಯಾಹ್ನ ತೀರ್ಥಹಳ್ಳಿಯಿಂದ ಶಿವಮೊಗ್ಗದ ಆಸ್ಪತ್ರೆಗೆ ಹೊರಟವರು ಮಂಡಗದ್ದೆ ದಾಟಿ ನಿಂತೆವು. ಅಪ್ಪ ಬಾನೆಟ್ ಎತ್ತಿ, ಕಾದ ಫ್ಯೂಯೆಲ್ ಪಂಪಿನ ಮೇಲೆ ಒದ್ದೆ ಬಟ್ಟೆ ಹಾಕಿ ಕಾಯುತ್ತಿದ್ದರು. ಹಿಂದಿನ ಸೀಟಿನಲ್ಲಿ ಅಜ್ಜಿ ಉಸಿರಿಗಾಗಿ ಒದ್ದಾಡುತ್ತಿದ್ದಳು. ಕೊನೆಗೆ ಅಮ್ಮ ಬಸ್ಸೊಂದಕ್ಕೆ ಕೈ ಅಡ್ಡ ಹಿಡಿದು ಅಜ್ಜಿಯನ್ನು ಹತ್ತಿಸಿಕೊಂಡು ಹೋದಳು. ಅಜ್ಜಿ ಬದುಕಿದಳು.

ಆಗಿನ ಗಾಡಿಯನ್ನು ರಸ್ತೆಬದಿಯಲ್ಲೇ ರಿಪೇರಿ ಮಾಡಬಹುದಿತ್ತು, ಈಗಿನದಕ್ಕೆ ಸ್ಕ್ಯಾನರ್ ಬೇಕು ಎನ್ನುವುದು ಹಳೆಯದನ್ನು ಹಂಬಲಿಸುವವರ ದೊಡ್ಡ ವಾದ. ಒಪ್ಪೋಣ. ಆದರೆ ರಸ್ತೆಬದಿಯಲ್ಲಿ ಅಷ್ಟು ಸಲ ರಿಪೇರಿ ಯಾಕೆ ಬೇಕಾಗುತ್ತಿತ್ತು? ಲೈಸೆನ್ಸ್ ರಾಜ್‌ನ ಕಾಲದಲ್ಲಿ ದುಡ್ಡು ಕಟ್ಟಿ ವರ್ಷಗಟ್ಟಲೆ ಕಾಯುವವರ ಸಾಲೇ ಇತ್ತು. ಹಾಗಿರುವಾಗ ಗಾಡಿ ಸುಧಾರಿಸುವ ಅವಸರ ಯಾರಿಗೆ? 1950ರ ದಶಕದ ಬ್ರಿಟಿಷ್ ಮೋರಿಸ್ ಆಕ್ಸ್‌ಫರ್ಡ್‌ನಿಂದ ಹುಟ್ಟಿದ ಅಂಬಾಸಿಡರ್, ಹೊರರೂಪದಲ್ಲಿ ಹೆಚ್ಚೇನೂ ಬದಲಾಗದೆ 2014ರವರೆಗೆ ತಯಾರಾಯಿತು. 1983ರ ಕೊನೆಗೆ ಮಾರುತಿ 800 ಬಂದಾಗ ಜನ ಮುಗಿಬಿದ್ದರು. ಗಾಡಿಗೆ 'ವ್ಯಕ್ತಿತ್ವ' ಇದೆಯೇ ಎಂದು ಆಗ ಯಾರೂ ಕೇಳಿದಂತಿಲ್ಲ. ಬೆಳಿಗ್ಗೆ ಕೀ ತಿರುಗಿಸಿದರೆ ಹೊರಡಬೇಕು, ಅಷ್ಟೆ. ಕೆಟ್ಟು ನಿಲ್ಲುವುದನ್ನು ವ್ಯಕ್ತಿತ್ವ ಎಂದು ಕರೆಯುವ ಸಲಿಗೆ, ಈಗ ಮನೆಯಲ್ಲಿ ಇನ್ನೊಂದು ಒಳ್ಳೆಯ ಕಾರು ಇರುವವರದು.

ಮೊನ್ನೆ ಹಬ್ಬಕ್ಕೆ ನೆಂಟರು ಬಂದಾಗ ಅಪ್ಪ ಮಂಡಗದ್ದೆಯ ಕಥೆ ಮತ್ತೆ ಹೇಳಿದರು. ಒದ್ದೆ ಬಟ್ಟೆ ಬಂತು, ಗಾಡಿ ಎದ್ದದ್ದು ಬಂತು, ಎಲ್ಲರೂ ನಕ್ಕರು.

"ಬಸ್ಸಿಂದೂ ಹೇಳಿ," ಎಂದಳು ಅಮ್ಮ, ಅಡುಗೆಮನೆಯಿಂದಲೇ.

"ಅದೂ ಇತ್ತು ಬಿಡು," ಎಂದರು ಅಪ್ಪ.